ಶುಶ್ರೂಷೆ ಯಾರ ಧರ್ಮ?

ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಹಿಂದಿರುಗಿದ ಪರಿಚಿತರೊಬ್ಬರ ವಿಷಯ ಮಾತಿಗೆ ಬಂದಾಗ, ವಿದ್ಯಾವಂತರೂ ಸಹೃದಯರೂ ಆದ ಹಿರಿಯರೊಬ್ಬರು, "ಡಿಸ್ಚಾರ್ಜ್ ಆಯಿತಲ್ಲ, ಇನ್ನೇನೂ ಯೋಚನೆಯಿಲ್ಲ, ನೋಡಿಕೊಳ್ಳಲು ಹೆಂಡತಿಯಿದ್ದಾಳೆ, ಆಕೆ ಸಾಕ್ಷಾತ್ ಸಾವಿತ್ರಿ" ಎಂದರು. ಅಲ್ಲಿದ್ದವರೆಲ್ಲ ತಲೆದೂಗಿದರು. ಪ್ರಶಂಸೆಯ ವೇಷದಲ್ಲಿ ಬಂದ ಈ ಮಾತಿನೊಳಗೆ ದೊಡ್ಡದೊಂದು ಅನ್ಯಾಯ ಅಡಗಿದೆಯೆಂಬುದೂ, ಒಬ್ಬಳ ಸದ್ಗುಣವನ್ನು ಕೊಂಡಾಡುವ ನೆಪದಲ್ಲಿ ಸಮಾಜವು ತನ್ನ ಹೊಣೆಯನ್ನು ಆಕೆಯ ಹೆಗಲಿಗೆ ಜಾರಿಸಿ ಕೈತೊಳೆದುಕೊಳ್ಳುತ್ತಿದೆಯೆಂಬುದೂ ನನ್ನ ದೃಢವಾದ ಅಭಿಪ್ರಾಯ.

ರೋಗಿ ಮನೆಗೆ ಬಂದ ದಿನದಿಂದಲೇ ಚಿಕಿತ್ಸೆಯ ಬಹುಪಾಲು ಅದನ್ನು ಎಂದೂ ಕಲಿಯದವರ ಕೈಗೆ ಬೀಳುತ್ತದೆ. ನುಂಗಲಾರದವನಿಗೆ ಮೂಗಿನ ಮೂಲಕ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬಿನಿಂದ ಆಹಾರ ಕೊಡುವ ಒಂದು ಕೆಲಸವನ್ನೇ ನೋಡಿ. ರಾಗಿಯ ಗಂಜಿಯನ್ನು ತೆಳ್ಳಗೆ ಕಾಯಿಸಿ, ಗಂಟಿಲ್ಲದಂತೆ ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾಗುವ ತನಕ ಆರಿಸಬೇಕು. ರೋಗಿಯನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ಟ್ಯೂಬಿನ ಮೇಲೆ ಮೂಗಿನ ಬಳಿ ಹಾಕಿದ ಗುರುತು ಜರುಗಿಲ್ಲವೆಂದು ಖಾತ್ರಿಮಾಡಿಕೊಂಡು, ಸಿರಿಂಜನ್ನು ಎತ್ತರದಲ್ಲಿ ಹಿಡಿದು, ಗಂಜಿ ತನ್ನ ಭಾರದಿಂದಲೇ ಮೆಲ್ಲಗೆ ಇಳಿಯುವಂತೆ ಬಿಡಬೇಕು. ಕಡೆಯಲ್ಲಿ ನೀರು ಹಾಯಿಸದಿದ್ದರೆ ಟ್ಯೂಬು ಕಟ್ಟಿಕೊಳ್ಳುತ್ತದೆ. ಉಣಿಸಿದೊಡನೆ ಮಲಗಿಸಿದರೆ ಆಹಾರ ಮೇಲಕ್ಕೇರಿ ಶ್ವಾಸಕೋಶವನ್ನು ಹೊಕ್ಕೀತು. ಎರಡು ಮೂರು ಗಂಟೆಗೊಮ್ಮೆ, ಹಗಲೆಲ್ಲ ಇದೇ ಕ್ರಮ. ಕೀಮೋ ಆದವರಲ್ಲಿ ರಕ್ತದ ಬಿಳಿಯ ಕಣಗಳು ಕುಗ್ಗಿರುವ ದಿನಗಳಲ್ಲಿ ಜ್ವರವು 100.4 ಡಿಗ್ರಿ ಮುಟ್ಟಿದರೆ, ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯುವುದು ಪ್ರಾಣಕ್ಕೇ ಮುಳುವಾಗಬಹುದು; ನಡುರಾತ್ರಿಯಾದರೂ ಆಸ್ಪತ್ರೆಗೆ ಧಾವಿಸಬೇಕು. ಹಾಸಿಗೆ ಹಿಡಿದವನ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಸೊಂಟದ ಹಿಂದೆ ಹುಣ್ಣು ಮೂಡುತ್ತದೆ. ದಾದಿಯರು ವರ್ಷಗಟ್ಟಲೆ ಅಭ್ಯಾಸಮಾಡಿ ಕಲಿಯುವ ಈ ವಿದ್ಯೆಯನ್ನು, ಬಿಲ್ಲು ಕಟ್ಟಿ ಔಷಧದ ಚೀಲ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸಿಗೆ ನಾಲ್ಕು ಮಾತಿನಲ್ಲಿ ಹೇಳಿ, ಆಕೆ ಓದಲಾರದ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿಯೊಂದನ್ನು ಕೈಗಿತ್ತು ಕಳುಹಿಸುವುದು ನಮ್ಮಲ್ಲಿ ವಾಡಿಕೆಯಾಗಿಹೋಗಿದೆ.

ಪ್ರೀತಿಯೊಂದಿದ್ದರೆ ಎಲ್ಲವೂ ತಾನಾಗಿ ಒದಗುವುದೆಂಬ ನಂಬಿಕೆ ಎಷ್ಟು ಕ್ರೂರವಾಗಬಲ್ಲದೆಂಬುದು ನೋವಿನ ವಿಷಯದಲ್ಲಿ ಕಾಣುತ್ತದೆ. ತೀವ್ರವಾದ ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯನ್ನು, ನೋವು ಬರಲೆಂದು ಕಾಯದೆ, ಸಾಧಾರಣವಾಗಿ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಅದರೊಡನೆ ಮಲಬದ್ಧತೆಯ ಔಷಧವನ್ನೂ ತಪ್ಪದೆ ಕೊಡಬೇಕು. ಇದನ್ನು ತಿಳಿಯಹೇಳುವವರಿಲ್ಲದ ಮನೆಯಲ್ಲಿ, ಎಲ್ಲಿ ಚಟ ಹತ್ತೀತೋ ಎಂದು ಹೆದರಿ, ಗಂಡನ ಮೇಲಿನ ಪ್ರೀತಿಯಿಂದಲೇ ಮಾತ್ರೆಯನ್ನು ಬಚ್ಚಿಟ್ಟು, ಅವನು ನರಳುವುದನ್ನು ನೋಡುತ್ತ ತಾನೂ ಅಳುತ್ತ ಕೂರುವವಳು ಆ ಹೆಂಡತಿಯೇ. ಆಕೆಯ ಭಯವನ್ನು ದೂರುವಂತಿಲ್ಲ. ಸರಕಾರವೇ ಆಕೆಗಿಂತ ಹೆಚ್ಚಾಗಿ ಹೆದರಿತ್ತು. 1985ರ ಮಾದಕವಸ್ತು ಕಾಯಿದೆಯ ಲೈಸೆನ್ಸುಗಳ ಜಟಿಲತೆಗೆ ಬೇಸತ್ತು ಆಸ್ಪತ್ರೆಗಳೇ ಮಾರ್ಫಿನ್ನಿನ ಗೋಜಿಗೆ ಹೋಗದಂತಾಯಿತು. ಅದರ ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಉಪಶಮನ ಕ್ರಮವನ್ನು ಲೋಕಕ್ಕೆ ಸಾರಿದರೂ, ನಮ್ಮ ಕಾಯಿದೆ ತಿದ್ದುಪಡಿಯಾಗಲು 2014 ಬರಬೇಕಾಯಿತು. ನಡುವಿನ ಆ ಅವಧಿಯಲ್ಲಿ ನಮ್ಮ ಮನೆಗಳ ಒಳಕೋಣೆಗಳಲ್ಲಿ ಅನುಭವಿಸಿದ ಯಾತನೆಗೆ ಯಾವ ಪಾತಿವ್ರತ್ಯವೂ ಔಷಧವಾಗಲಿಲ್ಲ.

ಸಾವಿತ್ರಿಯ ಹೆಸರು ಬಂದಿತಾದ್ದರಿಂದ ಆಕೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯಕ. ನಮ್ಮ ಹರಿಕಥೆ, ನಾಟಕಗಳು ಯಮನು ಆಕೆಯ ಗಂಡ ಸತ್ಯವಂತನ ಪ್ರಾಣವನ್ನು ಮರಳಿಸಿದಲ್ಲಿಗೆ ಮಂಗಳ ಹಾಡುತ್ತವೆ. ವ್ಯಾಸರು ಮಹಾಭಾರತದ ವನಪರ್ವದಲ್ಲಿ ಅಲ್ಲಿಗೆ ನಿಲ್ಲಿಸಲಿಲ್ಲ. ಸತ್ಯವಂತನಿಗೆ ಜೀವ ಬಂದಿದೆ, ತ್ರಾಣ ಬಂದಿಲ್ಲ. ಕತ್ತಲಾಗಿದೆ, ಕಾಡು, ನರಿಗಳು ಊಳಿಡುತ್ತಿವೆ. ನಡೆಯಲಾರದಿದ್ದರೆ ಬೆಂಕಿ ಹೊತ್ತಿಸಿ ರಾತ್ರಿಯನ್ನು ಇಲ್ಲಿಯೇ ಕಳೆಯೋಣವೆ ಎಂದು ಆಕೆ ಅವನನ್ನು ವಿಚಾರಿಸುತ್ತಾಳೆ. ಅವನಿಗೆ ತಂದೆತಾಯಿಗಳ ಚಿಂತೆ. ಆಗ ಆಕೆ ಮುಡಿಯನ್ನು ಬಿಗಿದುಕೊಂಡು, ಎರಡೂ ಕೈಗಳಿಂದ ಅವನನ್ನು ಎಬ್ಬಿಸಿ ನಿಲ್ಲಿಸಿ, ಹಣ್ಣಿನ ಬುಟ್ಟಿಯನ್ನು ನಾಳೆ ತಂದರಾಯಿತೆಂದು ಮರದ ಕೊಂಬೆಗೆ ತೂಗಹಾಕಿ, ಕೊಡಲಿಯನ್ನು ತಾನು ತೆಗೆದುಕೊಂಡು, ಅವನ ಎಡತೋಳನ್ನು ತನ್ನ ಹೆಗಲಿಗೇರಿಸಿ, ಬಲತೋಳಿನಿಂದ ಅವನನ್ನು ಬಳಸಿಕೊಂಡು ಮೆಲ್ಲಮೆಲ್ಲನೆ ನಡೆಯುತ್ತಾಳೆ. ರೋಗಿಯನ್ನು ಎಬ್ಬಿಸಿ ನಡೆಸಿದವರೆಲ್ಲರೂ ಈ ವಿವರಗಳ ಸತ್ಯವನ್ನು ಬಲ್ಲರು. ಇದಕ್ಕಿಂತಲೂ ಮುಖ್ಯವಾದುದು ಮುಂದಿದೆ: ಅವರು ಆಶ್ರಮ ಸೇರುವ ವೇಳೆಗೆ ಮಾವನಿಗೆ ದೃಷ್ಟಿ ಬಂದಿತ್ತು, ಅದು ಆಕೆಯೇ ಬೇಡಿದ ವರ, ಋಷಿಗಳೆಲ್ಲ ಎಚ್ಚರವಾಗಿದ್ದು, ಮುದುಕರಿಗೆ ಧೈರ್ಯ ಹೇಳುತ್ತ ಕಾದಿದ್ದರು, ಬೆಂಕಿ ಹೊತ್ತಿಸಿ ಸುತ್ತಲೂ ಕುಳಿತರು. ಒಂದಿಡೀ ಆಶ್ರಮ ಆಕೆಯೊಡನಿತ್ತು. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು, ಗಂಡನಿಗೆ ಕರೆಂಟು, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ರಾತ್ರಿಯ ಬಸ್ಸಿನಲ್ಲಿ ಮರಳುವವಳಿಗೆ ಆಶ್ರಮವೆಲ್ಲಿ? ಸಾವಿತ್ರಿಯೆಂದು ಹೊಗಳಲು ಊರೆಲ್ಲ ಇದೆ. ಒಂದು ರಾತ್ರಿ ಎಚ್ಚರವಾಗಿ ಕೂರಲು ಯಾರೂ ಇಲ್ಲ.

ನಾನು ಗೌರವಿಸುವ ಆಕ್ಷೇಪವೊಂದುಂಟು. ಶುಶ್ರೂಷೆಯೆಂಬುದು ದಾಂಪತ್ಯದ ಅಂತರಂಗಕ್ಕೆ ಸೇರಿದ್ದು. ಸಂಬಳದ ಕೈ ಎಷ್ಟು ನುರಿತದ್ದಾದರೂ ಮೂವತ್ತು ವರ್ಷ ಜೊತೆಗೆ ಬಾಳಿದ ಕೈಯಾಗಲಾರದು. ಮಲಮೂತ್ರಗಳ ವಿಷಯದಲ್ಲಿ ರೋಗಿಗೆ ಪರರ ಮುಂದೆ ಆಗುವ ಸಂಕೋಚ ಪತ್ನಿಯ ಮುಂದೆ ಆಗದು. ಇದನ್ನು ವ್ಯವಸ್ಥೆಯ ಕೈಗೆ ಒಪ್ಪಿಸಿದರೆ ಮನುಷ್ಯಸಂಬಂಧದ ಆರ್ದ್ರತೆಯೇ ಬತ್ತಿಹೋದೀತು ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಅನೇಕ ದಂಪತಿಗಳು ಪರಸ್ಪರರನ್ನು ಕಂಡುಕೊಂಡದ್ದು ಈ ದುರ್ದಿನಗಳಲ್ಲಿಯೇ. ಆದರೆ ನೆರವು ಬಂದರೆ ಆ ಸಾಮೀಪ್ಯ ಉಳಿಯುತ್ತದೆ, ಬಾರದಿದ್ದರೆ ಅಳಿಯುತ್ತದೆ. ತಿಂಗಳಾನುಗಟ್ಟಲೆ ನಿದ್ದೆಗೆಟ್ಟವಳು ಗಂಡನ ಹಾಸಿಗೆಯ ಪಕ್ಕ ಕುಳಿತು ಮಾತನಾಡಬಲ್ಲಳೆ? ಗಾಯ ತೊಳೆಯುವ ಕೆಲಸವನ್ನು ದಾದಿಯೊಬ್ಬಳು ಮಾಡಿ ಹೋದರೆ, ಆ ಅರ್ಧ ಗಂಟೆಯಾದರೂ ಅವರಿಬ್ಬರಿಗೆ ದಂಪತಿಗಳಾಗಿ ಇರಲು ದೊರೆಯುತ್ತದೆ. ಇನ್ನು, ಇದೆಲ್ಲ ಅವರವರ ಕರ್ಮವೆಂದು ಬಾಯಿಮುಚ್ಚಿಸುವವರೊಡನೆ ವಾದಿಸಲು ನನಗೆ ಇಷ್ಟವಿಲ್ಲ.

ರೋಗಿ ಹೆಂಡತಿಯಾದಾಗ ನಮ್ಮ ಭಾಷೆಯೇ ಬದಲಾಗುತ್ತದೆ. ಗಂಡ ಗಂಜಿ ಕುಡಿಸಿದರೆ ಅದು ಅಸಾಧಾರಣ ತ್ಯಾಗವೆನಿಸಿಕೊಳ್ಳುತ್ತದೆ. ಇಲ್ಲವೆ, ಆಕೆಯ ತವರಿನಿಂದ ತಂಗಿಯೋ ತಾಯಿಯೋ ಬರಬೇಕಾಗುತ್ತದೆ. ಎಷ್ಟೋ ಗಂಡಸರಿಗೆ ಮನಸ್ಸಿದ್ದರೂ ಕೈ ಬಾರದು, ಏಕೆಂದರೆ ಕಲಿಯಬೇಕೆಂದು ಅವರಿಗೆ ಯಾರೂ ಎಂದೂ ಹೇಳಲಿಲ್ಲ. ಗಂಡಸಿಗೆ ಬೇಕಾದ ಶಿಕ್ಷಣವೇ ಹೆಂಗಸಿಗೂ ಬೇಕು. ಹುಟ್ಟಿನಿಂದಲೇ ಆಕೆಗದು ಬಂದಿದೆಯೆಂಬುದು ನಮ್ಮ ಅನುಕೂಲಕ್ಕೆ ನಾವು ಕಟ್ಟಿಕೊಂಡ ಸುಳ್ಳು.

ಇಂಥ ನೆರವೂ ಶಿಕ್ಷಣವೂ ಬಡ ದೇಶಕ್ಕೆ ಸಾಧ್ಯವೆ ಎಂಬ ಪ್ರಶ್ನೆಗೆ ನೆರೆಯ ಕೇರಳವೇ ಉತ್ತರ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವರು ಆರಂಭಿಸಿದ ಉಪಶಾಮಕ ಶುಶ್ರೂಷೆಯ ಕೆಲಸ ನೆರೆಹೊರೆಯ ಸ್ವಯಂಸೇವಕರ ಕೈಯಲ್ಲಿ ಬೆಳೆದು, 2008ರಲ್ಲಿ ಸರಕಾರದ ನೀತಿಯಾಗಿ, ಪಂಚಾಯಿತಿಯ ದಾದಿ ಮನೆಬಾಗಿಲಿಗೆ ಬರುವಂತಾಯಿತು. ನಮ್ಮಲ್ಲಿಯೂ ಬೆಂಗಳೂರಿನ ಕರುಣಾಶ್ರಯವು 1999ರಿಂದ, ವಾಸಿಯಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳನ್ನು ಯಾವ ಶುಲ್ಕವನ್ನೂ ಕೇಳದೆ ನೋಡಿಕೊಳ್ಳುತ್ತಿದೆ. ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ಚಿಕಿತ್ಸೆಯನ್ನು ಭರಿಸುವುದು ಶ್ಲಾಘ್ಯವೇ. ಆದರೆ ಕೂಲಿ ಬಿಟ್ಟು ಗಂಡನ ಪಕ್ಕದಲ್ಲಿ ಕುಳಿತವಳ ಒಲೆ ಉರಿಯುವುದು ಹೇಗೆಂಬುದನ್ನು ಆ ಯೋಜನೆ ಕೇಳುವುದಿಲ್ಲ. ಹೆರಿಗೆಗೆ 26 ವಾರಗಳ ರಜೆಯನ್ನು 2017ರಲ್ಲಿ ಕಾನೂನಾಗಿಸಿದ ದೇಶದಲ್ಲಿ, ರೋಗಗ್ರಸ್ತ ಸಂಗಾತಿಯ ಶುಶ್ರೂಷೆಗೆಂದು ಎಲ್ಲ ನೌಕರರಿಗೂ ಸಂಬಳದ ರಜೆ ಕೊಡುವ ಕಾಯಿದೆ ಇನ್ನೂ ಇಲ್ಲ.

ಹಣಕ್ಕಾಗಿ ಕಾಯಬೇಕಿಲ್ಲದ ಕೆಲಸಗಳೂ ಉಂಟು. ನೋಡಿಕೊಳ್ಳುವವರು, ಗಂಡಸಾಗಲಿ ಹೆಂಗಸಾಗಲಿ, ದಾದಿಯ ಕಣ್ಣೆದುರಿನಲ್ಲಿ ತಮ್ಮ ಕೈಯಿಂದಲೇ ಒಮ್ಮೆ ಟ್ಯೂಬಿನಲ್ಲಿ ಗಂಜಿ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ ತೋರಿಸುವ ತನಕ ಡಿಸ್ಚಾರ್ಜ್ ಪತ್ರಕ್ಕೆ ಸಹಿ ಬೀಳಕೂಡದು. ಆ ಪತ್ರ ಕನ್ನಡದಲ್ಲಿರಬೇಕು. ನಡುರಾತ್ರಿಯಲ್ಲಿ ಕರೆದರೂ ಓಗೊಡುವ ದೂರವಾಣಿಯ ಸಂಖ್ಯೆಯೊಂದು ಅದರ ತಲೆಯಲ್ಲಿಯೇ ದೊಡ್ಡ ಅಕ್ಷರದಲ್ಲಿರಬೇಕು. ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾರ್ಫಿನ್ ಮಾತ್ರೆಯೂ, ಅದನ್ನು ಹೆದರದೆ ಬರೆದುಕೊಡಲು ತರಬೇತಿ ಪಡೆದ ವೈದ್ಯರೊಬ್ಬರೂ ಇರಬೇಕು. ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಮಾತ್ರೆ ತೀರಿತೆಂದು ಯಾರೂ ಆರುನೂರು ಕಿಲೋಮೀಟರು ಬಸ್ಸಿನಲ್ಲಿ ಬರುವಂತಾಗಬಾರದು.