ಡಬ್ಬಿಯ ಮೇಲೊಂದು ಚೀಟಿ ಇರಲಿ

ನಮ್ಮ ಕಾಲೇಜಿನ ಆಹಾರ ಮೇಳ ಹತ್ತಿರ ಬರುತ್ತಿದೆ. ಹೋದ ವರ್ಷ ನಾನು ಮಾಡಿ ತಂದಿದ್ದ ಓಟ್ಸ್ ಬಾರ್ ತಿಂದವರು, "ಈ ಸಲನೂ ತರ್ತೀಯಲ್ಲ?" ಎಂದು ಈಗಲೇ ಕೇಳತೊಡಗಿದ್ದಾರೆ. ಖಂಡಿತ ತರುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಹೇಳಬೇಕಾಗಿದೆ. ಈ ಸಲದ ಮೇಳದಲ್ಲಿ ಪ್ರತಿಯೊಂದು ತಿನಿಸಿನ ಮುಂದೆ, ಅದರಲ್ಲಿ ಏನೇನು ಹಾಕಿದೆ ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಇರಬೇಕು.

ಇದೇನು ಅಂಥ ದೊಡ್ಡ ವಿಷಯ ಎಂದು ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಹೋದ ವರ್ಷ ಮೇಳಕ್ಕೆ ಎರಡು ವಾರ ಮೊದಲು, ರುಚಿ ನೋಡಲಿ ಎಂದು ಗೆಳತಿಯರಿಗೆ ತಂದ ನನ್ನ ಡಬ್ಬಿ ಮುಕ್ಕಾಲು ಪಾಲು ತುಂಬಿಕೊಂಡೇ ಮನೆಗೆ ವಾಪಸ್ ಹೋದ ದಿನ ನನ್ನ ಅಭಿಪ್ರಾಯ ಬದಲಾಯಿತು.

ಈ ಬಾರ್ ನನಗೆ ಸಿಕ್ಕಿದ್ದು ಹಂಪಿಯಿಂದ. ನಮ್ಮ ಮಾಮು ಅಲ್ಲಿ ಆಟೋ ಓಡಿಸುತ್ತಾರೆ. ಮೂರು ದಿನ ಅವರ ಆಟೋದಲ್ಲೇ ಗುಡಿಗಳನ್ನೆಲ್ಲ ನೋಡಿದ ವಿದೇಶಿ ಕುಟುಂಬವೊಂದು ಹೊರಡುವಾಗ ಅವರ ಕೈಗೆ ಎರಡು ತುಂಡು ಕೊಟ್ಟಿತ್ತು. ಮಾಮು ತಾವು ತಿನ್ನದೆ, ಕಾಗದದಲ್ಲಿ ಸುತ್ತಿ ನಮಗೆ ತಂದರು. ಕೆಳಗೆ ಓಟ್ಸ್‌ನ ಗಟ್ಟಿ ಪದರ, ಅದರ ಮೇಲೆ ಚಾಕೊಲೇಟ್, ನಡುವೆ ಹಲ್ಲಿಗೆ ಅಂಟುವ ಕ್ಯಾರಮೆಲ್, ಮೇಲೆ ಮತ್ತೆ ಓಟ್ಸ್‌ನ ಪುಡಿ. ಮಾಡುವ ರೀತಿಯನ್ನು ಆ ಮನೆಯ ಹೆಂಗಸು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಆ ಚೀಟಿ ಇಂದಿಗೂ ನನ್ನ ರಸಾಯನಶಾಸ್ತ್ರದ ಪುಸ್ತಕದೊಳಗಿದೆ.

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ದಪ್ಪಗೆ ಉಪ್ಪು ಹರಡಿ, ರಬ್ಬರ್ ಮತ್ತು ಸೀಟಿ ತೆಗೆದು, ಹತ್ತು ನಿಮಿಷ ಕಾಯಿಸಿ, ಒಳಗೆ ಡಬ್ಬಿ ಇಟ್ಟೆ. ನಾನಿ ನೋಡಿ ನಕ್ಕರು. ಹಿಂದೆ ಅವರು ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ದಮ್ ಕೊಡುತ್ತಿದ್ದರಂತೆ. ಇದು ಅದೇ ವಿದ್ಯೆ, ಹೆಸರು ಮಾತ್ರ ಬೇಕಿಂಗ್ ಎಂದರು.

ಮೊದಲ ಸಲ ಚೀಟಿಯಲ್ಲಿ ಇದ್ದಂತೆ ಒಂದು ತತ್ತಿ ಹಾಕಿದ್ದೆ. ರುಚಿಗೆಂದು ಚಾಕೊಲೇಟಿನ ಜೊತೆ ಎರಡು ಚಮಚ ಶೇಂಗಾ ಬೆಣ್ಣೆ ಸೇರಿಸಿದ್ದೆ. ಚೆಂದ ಕಾಣಲಿ ಎಂದು ಮೇಲೆ ಮಾರ್ಷ್‌ಮ್ಯಾಲೋ ಚೂರು ಉದುರಿಸಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಬ್ಬಿ ತೆರೆದೆ.

ಸಂಡೂರಿನಿಂದ ಬರುವ ಗೆಳತಿ ಕೈ ಚಾಚಿ, ಅರ್ಧದಲ್ಲಿ ನಿಲ್ಲಿಸಿ, "ಇದ್ರಾಗ ತತ್ತಿ ಹಾಕೀಯೇನು?" ಎಂದಳು. ಹೌದು ಎಂದೆ. ಕೈ ಹಿಂದೆ ಹೋಯಿತು. ಅವರ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಕಂಪ್ಲಿಯವಳು ಶೇಂಗಾ ಎಂದ ಕೂಡಲೇ ಬೇಡ ಎಂದಳು. ಅವಳಿಗೆ ಶೇಂಗಾ ತಿಂದರೆ ಗಂಟಲು ಊದಿಕೊಳ್ಳುತ್ತದೆ. ಒಂದು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ನನಗೆ ಅದು ಗೊತ್ತಿರಲಿಲ್ಲ. ಮೂರನೆಯವಳು ನಮ್ಮವಳೇ. ಮಾರ್ಷ್‌ಮ್ಯಾಲೋ ಕಡೆ ಬೆರಳು ಮಾಡಿ, "ಇದ್ರಾಗ ಜೆಲಾಟಿನ್ ಇರ್ತದಲ್ಲ, ಪ್ಯಾಕೆಟ್ ನೋಡಿದ್ಯಾ?" ಎಂದಳು. ನಾನು ನೋಡಿರಲಿಲ್ಲ. ಹಲಾಲ್ ಹರಾಮ್ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ನಾನು ಪ್ಯಾಕೆಟ್ ತಿರುಗಿಸಿಯೂ ನೋಡಿರಲಿಲ್ಲ.

ಆ ದಿನ ನನಗೆ ಸಿಟ್ಟು ಬಂದಿತ್ತು. ಎರಡು ತಾಸು ಕಷ್ಟಪಟ್ಟು ಮಾಡಿ ತಂದರೆ ತನಿಖೆ ಮಾಡುತ್ತಾರೆ ಎಂದು ಮನೆಯಲ್ಲಿ ಅಮ್ಮಿಯ ಮುಂದೆ ಗೊಣಗಿದೆ. ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: ಅವರು ಕೇಳದೆ ತಿಂದು, ಆಮೇಲೆ ಗೊತ್ತಾಗಿದ್ದರೆ? ನನ್ನ ಬಳಿ ಉತ್ತರ ಇರಲಿಲ್ಲ. ಕಂಪ್ಲಿಯವಳ ಗಂಟಲಿನ ಬಗ್ಗೆ ಯೋಚಿಸಿದಾಗ ಮೈ ಜುಮ್ಮೆಂದಿತು.

ಆಮೇಲೆ ಮನೆಯಲ್ಲಿದ್ದ ಪ್ಯಾಕೆಟ್‌ಗಳನ್ನೆಲ್ಲ ತಿರುಗಿಸಿ ಓದಿದೆ. ಓದಲು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಇದು ಎಲ್ಲರಿಗೂ ಬೇಕು. ಪ್ಯಾಕೆಟ್ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚು ಇರುವುದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ಓಟ್ಸ್ ಬಿಸ್ಕತ್ತು ಎಂದು ಮುಂದೆ ದೊಡ್ಡದಾಗಿ ಬರೆದು, ಹಿಂದೆ ಪಟ್ಟಿಯಲ್ಲಿ ಮೈದಾ, ಸಕ್ಕರೆ, ಎಣ್ಣೆ ಆದ ಮೇಲೆ ಓಟ್ಸ್ ಬಂದರೆ ಅರ್ಥ ಮಾಡಿಕೊಳ್ಳಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಮಾಂಸ, ತತ್ತಿ, ಪ್ರಾಣಿಯ ಜೆಲಾಟಿನ್ ಇಲ್ಲ, ಹಾಲು ಇರಬಹುದು. ಕಂದು ಬಣ್ಣದ ಗುರುತಿದ್ದರೆ ಇವುಗಳಲ್ಲಿ ಏನೋ ಒಂದು ಇದೆ. ನನ್ನ ಮಾರ್ಷ್‌ಮ್ಯಾಲೋ ಪ್ಯಾಕೆಟ್ ಮೇಲೆ ಇದ್ದದ್ದು ಕಂದು ಗುರುತು. ಅಲರ್ಜಿ ತರುವ ಶೇಂಗಾ, ಸೋಯಾ, ಗೋಧಿ, ಹಾಲು ಮುಂತಾದವು ಇದ್ದರೆ ಅದನ್ನೂ ಪ್ಯಾಕೆಟ್ ಮೇಲೆ ಬರೆದಿರಬೇಕು.

ಆ ಹಸಿರು ಚುಕ್ಕೆ ಸಂಡೂರಿನ ನನ್ನ ಗೆಳತಿಗೆ ಎಷ್ಟು ಬೇಕೋ ನನಗೂ ಅಷ್ಟೇ ಬೇಕು ಎಂಬುದು ನನಗೆ ಆಶ್ಚರ್ಯ ತಂದಿತು. ಅವಳ ಕಾರಣ ಬೇರೆ, ನನ್ನ ಕಾರಣ ಬೇರೆ. ಆದರೆ ಇಬ್ಬರೂ ಹುಡುಕುವುದು ಒಂದೇ ಮೂಲೆಯಲ್ಲಿ. ಒಂದು ವಿಷಯ ಮಾತ್ರ ಆ ಚುಕ್ಕೆ ಹೇಳುವುದಿಲ್ಲ: ವೆನಿಲ್ಲಾದ ಕೆಲವು ಸಾರಗಳನ್ನು ಆಲ್ಕೋಹಾಲಿನಲ್ಲಿ ತೆಗೆದಿರುತ್ತಾರೆ. ಹಾಗಾಗಿ ನಾನು ವೆನಿಲ್ಲಾ ಬಿಟ್ಟು ಏಲಕ್ಕಿ ಹಾಕಿದೆ. ನಿಜ ಹೇಳಬೇಕೆಂದರೆ ಏಲಕ್ಕಿಯೇ ಚೆನ್ನಾಗಿತ್ತು.

ಎರಡನೆಯ ಸಲ ಮಾಡಿದ ರೀತಿ ಇದು. ಒಂದು ಬಟ್ಟಲು ಓಟ್ಸ್, ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಪುಡಿ ಬೆಲ್ಲ, ಚಿಟಿಕೆ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಇದಕ್ಕೆ 100 ಗ್ರಾಂ ಬೆಣ್ಣೆ ಕರಗಿಸಿ ಕಲಸಬೇಕು. ತತ್ತಿ ಬೇಕಾಗಲೇ ಇಲ್ಲ. ಕರಗಿದ ಬೆಣ್ಣೆ ಮತ್ತು ಬೆಲ್ಲವೇ ಹಿಡಿದಿಡುತ್ತವೆ. ಮೂರರಲ್ಲಿ ಎರಡು ಪಾಲನ್ನು ಡಬ್ಬಿಯ ತಳಕ್ಕೆ ಒತ್ತಿ, ಹದಿನೈದು ನಿಮಿಷ ಬೇಯಿಸಿ ತೆಗೆಯಬೇಕು. ಅದರ ಮೇಲೆ 100 ಗ್ರಾಂ ಚಾಕೊಲೇಟ್ ಚೂರು, ಅದರ ಮೇಲೆ ಕ್ಯಾರಮೆಲ್, ಕೊನೆಗೆ ಉಳಿದ ಹಿಟ್ಟನ್ನು ಪುಡಿ ಪುಡಿಯಾಗಿ ಉದುರಿಸಿ ಮತ್ತೆ ಇಪ್ಪತ್ತೈದು ನಿಮಿಷ. ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಬಿಸಿ ಇರುವಾಗ ಚಾಕು ಹಾಕಿದರೆ ಉಪ್ಪಿಟ್ಟು ಆಗುತ್ತದೆ, ನನಗೆ ಆಗಿದೆ.

ಕ್ಯಾರಮೆಲ್ ಎಂದರೆ ನಮ್ಮ ಪಾಕದ ನೆಂಟ. ಅದಕ್ಕೆ ಸಕ್ಕರೆಯೇ ಬೇಕೆಂದಿಲ್ಲ ಎಂದುಕೊಂಡು ಮುಕ್ಕಾಲು ಬಟ್ಟಲು ಬೆಲ್ಲ ತೆಗೆದುಕೊಂಡೆ. ಕಂಪ್ಲಿ, ಹೊಸಪೇಟೆ ಕಡೆ ಕಾಲುವೆ ನೀರಿನಲ್ಲಿ ಕಬ್ಬು ಬೆಳೆಯುತ್ತಾರೆ, ಆಲೆಮನೆಯ ಬೆಲ್ಲ ಸಿಗುತ್ತದೆ. ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಕುದಿಯುವಾಗಲೇ ಅರ್ಧ ಬಟ್ಟಲು ಹಾಲಿನ ಕೆನೆ ಸುರಿದೆ. ಒಡೆದು ಹೋಯಿತು. ಬೆಲ್ಲದಲ್ಲಿ ಸ್ವಲ್ಪ ಆಮ್ಲ ಇರುತ್ತದೆ, ಬಿಸಿಯೂ ಸೇರಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಬೇರೆಯಾಗುತ್ತದೆ ಎಂದು ಕೆಮಿಸ್ಟ್ರಿ ಮೇಡಂ ವಿವರಿಸಿದರು. ನಾನಿಗೆ ಪಾಯಸದಿಂದಲೇ ಅದು ಗೊತ್ತಿತ್ತು: ಮೊದಲು ಒಲೆ ಆರಿಸು, ಪಾಕ ಸ್ವಲ್ಪ ತಣಿಯಲಿ, ಆಮೇಲೆ ಕೆನೆ ಹಾಕು. ಚಿಟಿಕೆ ಸೋಡಾ ಹಾಕಿದರೆ ಇನ್ನೂ ಒಳ್ಳೆಯದು. ಪಾಕದ ಹದ ನೋಡಲು ಥರ್ಮಾಮೀಟರ್ ಕೂಡ ಬೇಡ. ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಮೆತ್ತನೆಯ ಉಂಡೆ ಕಟ್ಟಿದರೆ ಸಾಕು.

ಚಾಕೊಲೇಟ್ ವಿಷಯದಲ್ಲೂ ಪಟ್ಟಿ ಓದಿದ್ದು ಉಪಯೋಗಕ್ಕೆ ಬಂತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಾಂಪೌಂಡ್ ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯ ಕೊಬ್ಬು ಇರುತ್ತದೆ. ತಪ್ಪೇನಿಲ್ಲ, ಆದರೆ ಗೊತ್ತಿದ್ದು ಕೊಳ್ಳುವುದು ಬೇರೆ. ಕೋಕೋ ನಮ್ಮ ರಾಜ್ಯದಲ್ಲೂ ಬೆಳೆಯುತ್ತದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಿದೆ.

ಮೇಳದ ದಿನ ಡಬ್ಬಿಯ ಮುಂದೆ ಒಂದು ಚೀಟಿ ಅಂಟಿಸಿದೆ: "ಓಟ್ಸ್, ಗೋಧಿ, ಬೆಲ್ಲ, ಬೆಣ್ಣೆ, ಹಾಲಿನ ಕೆನೆ, ಚಾಕೊಲೇಟ್ (ಸೋಯಾ ಇದೆ), ಏಲಕ್ಕಿ. ತತ್ತಿ ಇಲ್ಲ, ಜೆಲಾಟಿನ್ ಇಲ್ಲ, ಶೇಂಗಾ ಹಾಕಿಲ್ಲ." ಯಾರೂ ಏನೂ ಕೇಳಬೇಕಾಗಲಿಲ್ಲ. ಅರ್ಧ ತಾಸಿನಲ್ಲಿ ಡಬ್ಬಿ ಖಾಲಿ. ಸಂಡೂರಿನವಳು ಎರಡು ತುಂಡು ತಿಂದಳು. ಕಂಪ್ಲಿಯವಳು ಒಂದು ತಿಂದು, ತಮ್ಮನಿಗೆಂದು ಇನ್ನೊಂದು ಕಟ್ಟಿಸಿಕೊಂಡಳು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು, ಹೊಸಪೇಟೆ ಬೇರೆಯಾಯಿತು. ಜಿಲ್ಲೆ ಎರಡಾದರೂ ನಮ್ಮ ಬೆಂಚು ಒಂದೇ.

ಎಲ್ಲವೂ ಚೀಟಿಯಿಂದ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಮಲಾಪುರದ ಕಡೆಯಿಂದ ಬರುವ ಇನ್ನೊಬ್ಬ ಗೆಳತಿ ಚೀಟಿ ಪೂರ್ತಿ ಓದಿದಳು. ಆದರೂ ತೆಗೆದುಕೊಳ್ಳಲಿಲ್ಲ. "ಬ್ಯಾರೆ ಮನೀದು ತಿನ್ನಬ್ಯಾಡ ಅಂತ ನಮ್ಮಜ್ಜಿ ಹೇಳ್ಯಾರ, ಬೇಜಾರು ಮಾಡ್ಕೋಬ್ಯಾಡ" ಎಂದಳು. ಬೇಜಾರಾಯಿತು. ಅವಳ ಎದುರು ತೋರಿಸಲಿಲ್ಲ ಅಷ್ಟೇ. ಅವಳು ಆ ಮಾತನ್ನು ನೆಪ ಹೇಳಿ ಮುಚ್ಚದೆ ನೇರವಾಗಿ ಹೇಳಿದಳಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಬೇಡ ಎನ್ನುವ ಹಕ್ಕು ಅವಳಿಗೆ ಇದೆ. ಕೊಡುತ್ತಲೇ ಇರುವ ಹಕ್ಕು ನನಗೂ ಇದೆ.

ಈ ವಿಷಯ ಹೇಳಿದಾಗ ಕೆಲವರು ಎರಡು ಆಕ್ಷೇಪ ಎತ್ತಿದರು. ಮೊದಲನೆಯದು: ಹೀಗೆ ಚೀಟಿ ಅಂಟಿಸಿದರೆ ನಾವೆಲ್ಲ ಬೇರೆ ಬೇರೆ ಎಂದು ನಾವೇ ಎತ್ತಿ ತೋರಿಸಿದ ಹಾಗೆ ಆಗುವುದಿಲ್ಲವೇ? ನನ್ನ ಅನುಭವ ಇದಕ್ಕೆ ಉಲ್ಟಾ. ಚೀಟಿ ಇಲ್ಲದಾಗ ಒಬ್ಬೊಬ್ಬರೂ ಎಲ್ಲರ ಎದುರು ತಮ್ಮ ಮನೆಯ ಕಟ್ಟುಪಾಡು, ತಮ್ಮ ಕಾಯಿಲೆ ಹೇಳಿಕೊಳ್ಳಬೇಕಾಯಿತು. ಹೇಳಲು ನಾಚಿಕೆಯಾದವರು "ಹಸಿವಿಲ್ಲ" ಎಂದು ದೂರ ಸರಿದರು. ಚೀಟಿ ಇದ್ದಾಗ ಯಾರೂ ಏನೂ ಹೇಳಿಕೊಳ್ಳಬೇಕಾಗಲಿಲ್ಲ. ಓದಿದರು, ತಿಂದರು.

ಎರಡನೆಯದು: ಇಷ್ಟೆಲ್ಲ ತಲೆನೋವು ಯಾಕೆ, ಅವರವರ ಡಬ್ಬಿ ಅವರವರೇ ತಿಂದರಾಯಿತಲ್ಲ? ಹಾಗೆ ಮಾಡುವುದು ಸುಲಭ ಎಂಬುದು ನಿಜ. ನಮ್ಮ ಕ್ಯಾಂಟೀನಿನ ಪಕ್ಕದ ಮರದ ಕೆಳಗೆ ಈಗಲೇ ಹಾಗೆ ಗುಂಪು ಗುಂಪಾಗಿ ಕೂರುವುದನ್ನು ನೀವೂ ನೋಡಿದ್ದೀರಿ. ಯಾರೂ ಜಗಳವಾಡಿ ಬೇರೆಯಾದವರಲ್ಲ. ಒಂದು ದಿನ ಒಬ್ಬರು ಬೇಡ ಎಂದರು, ಮರುದಿನ ಇನ್ನೊಬ್ಬರು ಕೊಡುವುದನ್ನು ಬಿಟ್ಟರು, ಅಷ್ಟೇ. ರಂಜಾನ್‌ನಲ್ಲಿ ನಮ್ಮ ಮನೆಯಿಂದ ಅಕ್ಕಪಕ್ಕದವರಿಗೆ ತಟ್ಟೆ ಹೋಗುತ್ತದೆ, ಯುಗಾದಿಗೆ ಅವರಿಂದ ಹೋಳಿಗೆ ಬರುತ್ತದೆ. ಪಕ್ಕದ ಅಕ್ಕನ ಮನೆಗೆ ಏನು ಕಳಿಸಬಹುದು, ಏನು ಕಳಿಸಬಾರದು ಎಂದು ಅಮ್ಮಿಗೆ ಬಾಯಿಪಾಠ. ಹೇಗೆ ಗೊತ್ತಾಯಿತು ಎಂದರೆ, ಒಂದು ದಿನ ಕೇಳಿದ್ದೆ ಎನ್ನುತ್ತಾರೆ. ನಾವು ಕೇಳುವುದನ್ನೇ ಬಿಟ್ಟಿದ್ದೇವೆ.

ಹಾಗಾಗಿ ಪ್ರಾಂಶುಪಾಲರಲ್ಲಿ, ಮೇಳದ ಉಸ್ತುವಾರಿ ನೋಡುವ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು. ಮಳಿಗೆಗೆ ಹೆಸರು ಕೊಡುವಾಗಲೇ ಪದಾರ್ಥಗಳ ಪಟ್ಟಿಯನ್ನೂ ಕೇಳಿ. ಅಂಗೈ ಅಗಲದ ಚೀಟಿ ಸಾಕು. ತತ್ತಿ, ಹಾಲು, ಗೋಧಿ, ಸೋಯಾ, ಶೇಂಗಾ ಮತ್ತಿತರ ಬೀಜಗಳು, ಜೆಲಾಟಿನ್ ಇವು ಇದ್ದರೆ ಇವೆ ಎಂದು ಸ್ಪಷ್ಟವಾಗಿ ಬರೆಸಿ. ಒಂದೇ ಚಮಚ, ಒಂದೇ ಚಾಕು ಎಲ್ಲ ಡಬ್ಬಿಗಳಲ್ಲೂ ಆಡದಂತೆ ನೋಡಿಕೊಳ್ಳಿ. ಖರ್ಚಾಗುವುದು ಎರಡು ಹಾಳೆ ಕಾಗದ, ಒಂದು ಸ್ಕೆಚ್ ಪೆನ್.

ವಿದ್ಯಾರ್ಥಿಗಳಿಗೂ ಒಂದು ಮಾತು. ಚೀಟಿ ಓದಿಯೂ ಅನುಮಾನ ಇದ್ದರೆ ಕೇಳಿ, ಕೇಳಿದರೆ ಸಿಟ್ಟಾಗಬೇಡಿ. ಹುಡುಗರೇ, ಹೋದ ವರ್ಷದ ಹಾಗೆ ಅಂಗಡಿಯಿಂದ ಪ್ಯಾಕೆಟ್ ತಂದು ತಟ್ಟೆಗೆ ಸುರಿದು ಮಾರಬೇಡಿ. ಕುಕ್ಕರಿನ ರಬ್ಬರ್ ತೆಗೆಯಲು ನಿಮಗೂ ಬರುತ್ತದೆ.

ಕಮಲಾಪುರದ ಆ ಗೆಳತಿ ಈ ಯುಗಾದಿಗೆ ನಮಗೆಲ್ಲ ಹೋಳಿಗೆ ತಂದಿದ್ದಳು. ಡಬ್ಬಿಯ ಮುಚ್ಚಳದ ಮೇಲೆ ಅವಳ ಕೈಬರಹದಲ್ಲಿ ಒಂದು ಚೀಟಿ ಇತ್ತು: "ಕಡಲೆಬೇಳೆ, ಬೆಲ್ಲ, ಮೈದಾ, ಎಣ್ಣೆ, ಏಲಕ್ಕಿ. ಶೇಂಗಾ ಇಲ್ಲ." ಕಂಪ್ಲಿಯವಳು ಮೊದಲು ಅದನ್ನು ಓದಿ, ಆಮೇಲೆ ಕೈ ಹಾಕಿದಳು. ನನ್ನ ಬಾರನ್ನು ಆಕೆ ಇನ್ನೂ ತಿಂದಿಲ್ಲ. ಈ ಸಲದ ಮೇಳದಲ್ಲೂ ಅವಳಿಗೆಂದು ಒಂದು ತುಂಡು ತೆಗೆದಿಡುತ್ತೇನೆ.