ಮೀಟರ್ ಇಲ್ಲದೆ ಶೂಟಿಂಗ್ ಬೇಡ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ವೆಲ್ಡರ್, ಫಿಟ್ಟರ್, ಪೇಂಟರ್, ಹೆಲ್ಪರ್ ಬಂಧುಗಳೇ, ಅವರ ಮನೆಯವರೇ,

ಎಲ್ಲೂರಿನ 1200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ಪಾದೂರಿನ ಭೂಗತ ಕಚ್ಚಾತೈಲ ಸಂಗ್ರಹಾಗಾರ, ಮಲ್ಪೆಯ ಶಿಪ್‌ಯಾರ್ಡ್: ವೆಲ್ಡಿಂಗ್ ಇಲ್ಲದೆ ಇವು ಯಾವುವೂ ಎದ್ದು ನಿಲ್ಲುತ್ತಿರಲಿಲ್ಲ. ಬಾಯ್ಲರ್ ಟ್ಯೂಬಿನ, ಪೈಪಿನ ಬೆಸುಗೆಯೊಳಗೆ ಬಿರುಕಿದೆಯೇ ಎಂದು ನೋಡಲು ವಿಕಿರಣ ಹಾಯಿಸುವ ರೇಡಿಯೋಗ್ರಫಿ, ನಮ್ಮ ಮಾತಿನಲ್ಲಿ ‘ಶೂಟಿಂಗ್’, ಬೇಕೇ ಬೇಕು. ಅದನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಪರೀಕ್ಷೆಯಾಗದ ಬೆಸುಗೆ ಸಿಡಿದರೂ ಸಾಯುವವರು ನಾವೇ. (ಶೂಟ್ ಆದ ಪೈಪ್ ಮುಟ್ಟಿದರೆ ವಿಕಿರಣ ಅಂಟುತ್ತದೆ ಎನ್ನುವುದು ಬರೀ ಪುಕಾರು, ನಂಬಬೇಡಿ.)

ನಮ್ಮ ತಕರಾರು ಬೇರೆ. ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ನಡೆಯುವುದು ದಪ್ಪ ಕಾಂಕ್ರೀಟ್ ಗೋಡೆಯೊಳಗೆ. ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಸೈಟಿನಲ್ಲಿ ಗೋಡೆಯೆಲ್ಲಿ? ಒಂದು ಹಗ್ಗ, ಒಂದು ಕೆಂಪು ದೀಪ, ನಿದ್ದೆಗೆಟ್ಟ ಒಬ್ಬ ಹೆಲ್ಪರ್. ‘ಕ್ಯಾಮೆರಾ’ ಎನ್ನುವ ಪೆಟ್ಟಿಗೆಯಿಂದ ಕೇಬಲ್ ತಿರುಗಿಸಿ ಹೊರಗೆ ಕಳಿಸುವ, ವಿಕಿರಣ ಸೂಸುವ ಇರಿಡಿಯಂ-192 ಸೋರ್ಸ್ ಕೆಲವೇ ಮಿಲಿಮೀಟರಿನ ಗುಳಿಗೆ. ವಾಸನೆಯಿಲ್ಲ, ಸದ್ದಿಲ್ಲ. ಅದು ಪೆಟ್ಟಿಗೆಗೆ ಮರಳಿತೇ ಎಂದು ಹೇಳಬಲ್ಲದ್ದು ವಿಕಿರಣ ಅಳೆಯುವ ಸರ್ವೇ ಮೀಟರ್ ಮಾತ್ರ.

1999ರ ಫೆಬ್ರವರಿಯಲ್ಲಿ ಪೆರು ದೇಶದ ಯನಾಂಗೊ ಜಲವಿದ್ಯುತ್ ಸ್ಥಾವರದಲ್ಲಿ ಇಂಥದೇ ಸೋರ್ಸ್ ಕಳಚಿ ಬಿದ್ದಿತ್ತು. ನಮ್ಮಂಥ ಒಬ್ಬ ವೆಲ್ಡರ್ ಅದೇನೆಂದು ತಿಳಿಯದೆ ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ, ಕೆಲಸ ಮುಗಿಸಿ ಮನೆಗೂ ಹೋದ. ರಾತ್ರಿ ಫಿಲ್ಮ್ ತೊಳೆದಾಗ ಏನೂ ಮೂಡಿರಲಿಲ್ಲ. ಆಗಲೇ ರೇಡಿಯೋಗ್ರಾಫರನಿಗೆ ಅನುಮಾನ ಬಂದದ್ದು. ಮೀಟರ್ ಹಿಡಿದಿದ್ದರೆ ನಿಮಿಷದಲ್ಲಿ ತಿಳಿಯುತ್ತಿತ್ತು. ಆ ವೆಲ್ಡರನ ಬಲಗಾಲನ್ನೇ ಕತ್ತರಿಸಬೇಕಾಯಿತು. ಆ ಪ್ಯಾಂಟಿನ ಮೇಲೆ ಕೂತ ಹೆಂಡತಿಗೂ ವಿಕಿರಣ ತಗಲಿತು.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲೇ ಸ್ಥಾಪನೆಯಾಯಿತು, ವಿಕಿರಣ ರಕ್ಷಣಾ ನಿಯಮಗಳು 2004ರಲ್ಲಿ ಬಂದವು. ವಿಕಿರಣ ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ದಾಟಬಾರದು. ಉಳಿದ ಜನರಿಗೆ ಮಿತಿ ಬರೀ 1. ಪಕ್ಕದ ಸ್ಕ್ಯಾಫೋಲ್ಡಿಂಗ್ ಮೇಲಿನ ಪೇಂಟರ್ ಈ ‘ಉಳಿದ ಜನ’ರಲ್ಲಿ ಸೇರಿದವನು, ಅವನ ಎದೆಯ ಮೇಲೆ ಬ್ಯಾಡ್ಜೂ ಇಲ್ಲ. ಬ್ಯಾಡ್ಜ್ ಇದ್ದವನಿಗಾದರೂ ಅದು ಕವಚವಲ್ಲ: ಎಷ್ಟು ವಿಕಿರಣ ತಗಲಿತೆಂದು ಮೂರು ತಿಂಗಳ ಮೇಲೆ ಲೆಕ್ಕ ಹೇಳುತ್ತದೆ, ಅಷ್ಟೆ.

ಮಂಡಳಿಯ ಕಚೇರಿ ಮುಂಬೈಯಲ್ಲಿ, ದಕ್ಷಿಣದ ಕೇಂದ್ರ ಚೆನ್ನೈಯಲ್ಲಿ. ರಾತ್ರಿ ಎರಡು ಗಂಟೆಗೆ ನಮ್ಮ ಸೈಟಿನಲ್ಲಿ ನೋಡುವವರು ಯಾರು? ಕೆಲಸ ಕೊಟ್ಟ ಕಂಪೆನಿಯೇ ನೋಡಬೇಕು. ಕಡಿಮೆ ರೇಟಿಗೆ ಒಪ್ಪಿದ ಗುತ್ತಿಗೆದಾರನ ಮೇಲೆ ಎಲ್ಲವನ್ನೂ ಹಾಕಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಸುರಕ್ಷತೆಯ ಖರ್ಚು ವರ್ಕ್ ಆರ್ಡರಿನಲ್ಲೇ ಬರೆದಿರಲಿ. ಶೂಟಿಂಗ್ ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಎಂದು ಗೇಟಿನ ಬೋರ್ಡಿನಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಹಾಕಲಿ, ಪಾಳಿ ಶುರುವಾಗುವಾಗ ತುಳುವಿನಲ್ಲೂ ಕೂಗಿ ಹೇಳಲಿ. ಪ್ರತಿ ಶಾಟ್ ಆದ ಮೇಲೆ ಮೀಟರ್ ಹಿಡಿದು ನೋಡದೆ ಹಗ್ಗ ಬಿಚ್ಚಬಾರದು.

ಹಗ್ಗ ಕಂಡರೆ ದಾಟಬೇಡಿ. ನೆಲದಲ್ಲಿ ಬಿದ್ದ ಹೊಳೆಯುವ ಲೋಹದ ತುಂಡನ್ನು ಕೈಯಲ್ಲಿ ಮುಟ್ಟಬೇಡಿ. ದೂರ ಸರಿದು, ಬೇರೆಯವರನ್ನೂ ಸರಿಸಿ, ಕೂಡಲೇ ತಿಳಿಸಿ. ‘ಮೀಟರ್ ತೋರಿಸಿ’ ಎಂದು ಧೈರ್ಯವಾಗಿ ಕೇಳಿ. ತೋರಿಸದಿದ್ದರೆ ಆ ಜಾಗಕ್ಕೆ ಹೋಗಬೇಡಿ, ಒಬ್ಬರೇ ಅಲ್ಲ, ಎಲ್ಲರೂ.

ಈ ಕರಪತ್ರವನ್ನು ಬಿಸಾಡದೆ ಪಕ್ಕದವರಿಗೆ ಕೊಡಿ. ಕನ್ನಡ ಓದಲು ಬಾರದ ಒಡಿಶಾ, ಬಿಹಾರದ ಹುಡುಗರಿಗೆ ಓದಿ ಹೇಳಿ.