ಕಂಪ್ಯೂಟರಿನೊಳಗೊಂದು ಕಪ್ಪುಹಲಗೆ

ಕಳ್ಳಕವಟಗಿಯ ಹುಡುಗನೊಬ್ಬ ಮೊನ್ನೆ ಅಪ್ಪನ ಮೊಬೈಲ್ ಹಿಡಿದು ಬಂದು ಕೇಳಿದ: “ಸರ್, ಇದರಾಗ ಇಷ್ಟೆಲ್ಲಾ ಆ್ಯಪ್ ಅದಾವು. ಅವಕ್ಕೆಲ್ಲಾ ಟೈಮ್ ಯಾರು ಹೇಳ್ತಾರ್ರಿ?” ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಪರೀಕ್ಷಾ ಕೊಠಡಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದೆ. ಪರೀಕ್ಷೆ ಮುಗಿಯುವುದು 12-30ಕ್ಕೆ. ಅರ್ಧ ಗಂಟೆಗೊಮ್ಮೆ ಕಪ್ಪುಹಲಗೆಯ ಮೇಲೆ ವೇಳೆ ಬರೆಯುತ್ತಿದ್ದೆ. 12 ಗಂಟೆಯಾದಾಗ ‘11-30’ರಲ್ಲಿ 11ನ್ನು ಅಳಿಸಿ 12 ಎಂದು ಬರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು. 30 ಹಾಗೆಯೇ ಉಳಿಯಿತು! ಹುಡುಗಿಯೊಬ್ಬಳು ತಲೆಯೆತ್ತಿ ನೋಡಿ, ವೇಳೆ ಮುಗಿಯಿತೆಂದು ಕಣ್ಣೀರಿಡುತ್ತ ಉತ್ತರಪತ್ರಿಕೆಗೆ ದಾರ ಕಟ್ಟತೊಡಗಿದಳು. ಪುಣ್ಯಕ್ಕೆ ನಾನು ತಿರುಗಿ ನೋಡಿದೆ.

ಇದೇ ಅಪಾಯ ಕಂಪ್ಯೂಟರಿನಲ್ಲೂ ಇದೆ. ಆಂಡ್ರಾಯ್ಡ್ ಮೊಬೈಲಿನ ಕರ್ನೆಲ್, ಅಂದರೆ ತಿರುಳು, ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು ಅದು. ಕಾಲದ ಲೆಕ್ಕ ಇಡುವುದು ಕರ್ನೆಲ್‌ನ ಕೆಲಸ. ಆದರೆ ಪ್ರತಿ ಸಲವೂ ಅದನ್ನೇ ಕೇಳಬೇಕೆಂದರೆ ಪ್ರೊಸೆಸರ್ ಆ್ಯಪ್‌ನ ಕೆಲಸ ನಿಲ್ಲಿಸಿ, ಕರ್ನೆಲ್ ಒಳಗೆ ಹೋಗಿ ಮರಳಬೇಕು. ಸೆಕೆಂಡಿಗೆ ಸಾವಿರಾರು ಸಲ ವೇಳೆ ಕೇಳುವ ಆ್ಯಪ್‌ಗಳಿಗೆ ಇದು ದುಬಾರಿ.

ಆದ್ದರಿಂದ ಕರ್ನೆಲ್ ತನ್ನ ಲೆಕ್ಕವನ್ನು ಮೆಮೊರಿಯ ಒಂದು ಪುಟದಲ್ಲಿ ಬರೆದಿಡುತ್ತದೆ. ಅದೇ ನಮ್ಮ ಕಪ್ಪುಹಲಗೆ. ಎಲ್ಲ ಆ್ಯಪ್‌ಗಳೂ ಓದಬಹುದು. ಬರೆಯುವ ಅಧಿಕಾರ ಕರ್ನೆಲ್‌ಗೆ ಮಾತ್ರ. ಓದುವ ವಿಧಾನವನ್ನೂ ಅದು ‘ವಿಡಿಎಸ್ಒ’ ಎಂಬ ಚಿಕ್ಕ ಪ್ರೋಗ್ರಾಮಿನಲ್ಲಿ ಒದಗಿಸುತ್ತದೆ. ವಿಂಡೋಸ್‌ನಲ್ಲೂ ಇಂಥ ಪುಟವುಂಟು.

ಪುಟದಲ್ಲಿ ಏನಿರುತ್ತದೆ? ಕಳೆದ ಸಲ ಬರೆದ ವೇಳೆ, ಆಗ ಪ್ರೊಸೆಸರಿನ ಎಣಿಕೆ ಎಷ್ಟಿತ್ತು, ಎಣಿಕೆಯನ್ನು ಕಾಲಕ್ಕೆ ಪರಿವರ್ತಿಸುವ ಗುಣಕ. ಬರೆದ ವೇಳೆ ಸರಿಯಾಗಿ 10 ಗಂಟೆ, ಎಣಿಕೆಯ ವೇಗ ಸೆಕೆಂಡಿಗೆ 100 ಕೋಟಿ ಎನ್ನಿ. ಈಗ ಎಣಿಕೆ 5 ಕೋಟಿ ಮುಂದೆ ಹೋಗಿದ್ದರೆ, 10 ಗಂಟೆಯ ಮೇಲೆ 0.05 ಸೆಕೆಂಡ್ ಆಗಿದೆ.

ಇನ್ನು, ಕರ್ನೆಲ್ ಬರೆಯುತ್ತಿರುವಾಗಲೇ ಆ್ಯಪ್ ಓದಿದರೆ? ಅರ್ಧ ಹಳತು, ಅರ್ಧ ಹೊಸತು: ಆ ಹುಡುಗಿಯ ಪಾಡು. ಅದಕ್ಕೇ ಪುಟದಲ್ಲಿ ಒಂದು ಕ್ರಮಸಂಖ್ಯೆ ಇದೆ. ಬರೆಯುವ ಮುನ್ನ ಕರ್ನೆಲ್ ಅದಕ್ಕೆ ಒಂದು ಕೂಡಿಸುತ್ತದೆ, ಬರೆದ ಮೇಲೆ ಇನ್ನೊಂದು. ಬೆಸವಿದ್ದರೆ ಬರವಣಿಗೆ ನಡೆದಿದೆ, ಕಾಯಿರಿ ಎಂದರ್ಥ, ಸಮವಿದ್ದರೆ ಓದಬಹುದು. ಓದಿಯಾದ ಮೇಲೆ ಕ್ರಮಸಂಖ್ಯೆಯನ್ನು ಮತ್ತೆ ನೋಡಬೇಕು. 4 ಇದ್ದದ್ದು 6 ಆಗಿದ್ದರೆ, ಓದಿದ್ದನ್ನು ಬಿಟ್ಟು ಪುನಃ ಓದಬೇಕು.

ಮಕ್ಕಳೇ, ಮನೆಯಲ್ಲಿ ಪಾಟಿ ಹಿಡಿದು ಮಾಡಿ ನೋಡಿ: ತಂದೆ ಅಥವಾ ತಾಯಿ ಬರೆಯಲಿ, ನೀವು ನಡುನಡುವೆ ಕಣ್ಣುಮುಚ್ಚಿ ತೆರೆದು ಓದಿ. ಮೊದಲು ಕ್ರಮಸಂಖ್ಯೆಯಿಲ್ಲದೆ, ಆಮೇಲೆ ಅದರೊಂದಿಗೆ.

ನಾನಂತೂ ಅಂದಿನಿಂದ ಗಂಟೆ, ನಿಮಿಷ ಎರಡನ್ನೂ ಅಳಿಸದೆ ಹೊಸ ವೇಳೆ ಬರೆದಿಲ್ಲ. ಬರಿದಾದ ಹಲಗೆ ಯಾರಿಗೂ ಸುಳ್ಳು ಹೇಳುವುದಿಲ್ಲ.